‘ಆರು ತಿಂಗಳಿಗೆ ಯಾಕಮ್ಮ ಫ್ರೆಂಡ್ಸ್?’

ಹೆಸರು ಹಾಕಬೇಡಿ ಎಂದು ಕೇಳಿದ ಓದುಗರೊಬ್ಬರ ಪತ್ರ ಇದು, ಸ್ವಲ್ಪ ಚಿಕ್ಕದು ಮಾಡಿದ್ದೇವೆ: ‘ಯಜಮಾನರ ಕೆಲಸದಿಂದ 10 ವರ್ಷದಲ್ಲಿ ಮೂರು ದೇಶ ಆಯಿತು. ಮಗನಿಗೆ 16 ವರ್ಷ, ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ 11ನೇ ಕ್ಲಾಸು, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಓದುತ್ತಿದ್ದಾನೆ. ಶಾಲೆಯಲ್ಲಿ ಇಲ್ಲದ್ದೇ ಇಲ್ಲ. ಆದರೂ ಮನೆಗೆ ಬಂದವನೇ ರೂಮಿನ ಬಾಗಿಲು ಹಾಕಿಕೊಳ್ಳುತ್ತಾನೆ. ಯಾರನ್ನಾದರೂ ಫ್ರೆಂಡ್ ಮಾಡಿಕೊಳ್ಳೋ ಅಂದರೆ, ಆರು ತಿಂಗಳಿಗೆ ಯಾಕಮ್ಮ ಅಂತಾನೆ. ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ಎದ್ದೇ ಹೋಗುತ್ತಾನೆ. ಈಗ ಮತ್ತೆ ಟ್ರಾನ್ಸ್‌ಫರ್ ಮಾತು ಬಂದಿದೆ. ಇವನದು ಸೊಕ್ಕಾ? ಅವನಿಗೇನು ಕಮ್ಮಿ ಮಾಡಿದ್ದೇವೆ?’

ಸೊಕ್ಕಲ್ಲ ಅಮ್ಮ. ಆ ಒಂದು ಮಾತಿನಲ್ಲೇ ಎಲ್ಲ ಇದೆ ನೋಡಿ: ಆರು ತಿಂಗಳಿಗೆ ಯಾಕೆ. ಅದು ಲೆಕ್ಕ ಕಲಿತ ಹುಡುಗನ ಮಾತು. ಎರಡು ಸಲ ಕೈಸುಟ್ಟುಕೊಂಡವನು ಮೂರನೇ ಸಲ ಒಲೆ ಹತ್ತಿರ ಹೋಗುವುದಿಲ್ಲ, ಅಷ್ಟೇ.

ನನ್ನ ತಮ್ಮನ ಮಗಳು ಹೀಗೇ ಬೆಳೆದವಳು. ಒಮ್ಮೆ ತನ್ನ ಇಯರ್‌ಬುಕ್, ಅಂದರೆ ಶಾಲೆಯ ಆ ವರ್ಷದ ಫೋಟೋ ಪುಸ್ತಕ, ತೆಗೆದು ತೋರಿಸಿದಳು. ಏಳನೇ ಕ್ಲಾಸಿನ ಫೋಟೋ, 22 ಮುಖ. ಒಂದೊಂದರ ಮೇಲೂ ಬೆರಳಿಟ್ಟು, ‘ಇವಳು ಹೋದಳು, ಇವನು ಹೋದ, ಇವನು ಹೋಗಿ ಮತ್ತೆ ಬಂದ, ಮತ್ತೆ ಹೋದ’ ಅಂತ ಎಣಿಸಿದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಉಳಿದವರು ಏಳು ಜನ. ಒಬ್ಬ ಗೆಳತಿಯಂತೂ ಹೋಗುವ ವಿಷಯವನ್ನೇ ಹೇಳಿರಲಿಲ್ಲವಂತೆ. ರಜೆ ಮುಗಿಸಿ ಬಂದರೆ ಪಕ್ಕದ ಲಾಕರ್ ಮೇಲೆ ಬೇರೆ ಹೆಸರು. ಆ ಪುಟದ ಅಂಚಿನಲ್ಲಿ ಬಣ್ಣದ ಪೆನ್ನಿನಲ್ಲಿ ‘ಟಚ್‌ನಲ್ಲಿರು’ ಎಂದು ಬರೆದವರೇ ಜಾಸ್ತಿ. ಒಬ್ಬಳು ಮಾತ್ರ, ‘ನಿನ್ನ ಪೆನ್ಸಿಲ್ ಬಾಕ್ಸ್ ನನ್ನ ಹತ್ರನೇ ಇದೆ, ಕೊಡಲ್ಲ’ ಎಂದು ಬರೆದಿದ್ದಳು. ‘ಇವಳೊಬ್ಬಳ ಜೊತೆ ಈಗಲೂ ಮಾತಾಡ್ತೀನಿ ದೊಡ್ಡಪ್ಪ’ ಅಂದಳು.

ಅಲೆಯುವ ಮನೆಗಳ ಮಕ್ಕಳಿಗಾಗಿಯೇ ಹುಟ್ಟಿದ ಶಾಲೆಗಳಿವು. ಜಿನೀವಾದ ಇಂಟರ್‌ನ್ಯಾಷನಲ್ ಸ್ಕೂಲು 1924ರಲ್ಲಿ ಶುರುವಾಗಿದ್ದು ಲೀಗ್ ಆಫ್ ನೇಷನ್ಸ್ (ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಒಕ್ಕೂಟ), ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ನೌಕರರ ಮಕ್ಕಳಿಗೆ. ನಿಮ್ಮ ಮಗ ಓದುವ ಐಬಿ ಕೂಡ 1968ರಲ್ಲಿ ಅದೇ ಊರಿನಲ್ಲಿ ಹುಟ್ಟಿತು. ಯಾವ ದೇಶದಲ್ಲಿ ಓದಿದರೂ ಇನ್ನೊಂದು ದೇಶದ ಯೂನಿವರ್ಸಿಟಿ ಒಪ್ಪುವಂಥ ಒಂದು ಪರೀಕ್ಷೆ ಬೇಕಿತ್ತು. ಅಂದರೆ ಅಂಕಪಟ್ಟಿಯನ್ನು ದೇಶದಿಂದ ದೇಶಕ್ಕೆ ಒಯ್ಯುವ ದಾರಿ ಯಾವತ್ತೋ ಸಿಕ್ಕಿದೆ. ಗೆಳೆಯನನ್ನು ಒಯ್ಯುವ ದಾರಿ ಸಿಕ್ಕಿಲ್ಲ.

‘ಊರು ಯಾವುದು’ ಎನ್ನುವ ಪ್ರಶ್ನೆಗೆ ಅವನು ಎದ್ದು ಹೋಗುವುದಕ್ಕೂ ಕಾರಣ ಇದೆ. 1950ರ ದಶಕದಲ್ಲಿ ರೂತ್ ಹಿಲ್ ಯೂಸೀಮ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ ಭಾರತದಲ್ಲಿ ನೆಲೆಸಿದ್ದ ಅಮೆರಿಕನ್ ಕುಟುಂಬಗಳನ್ನು ನೋಡಿ, ಇಂಥ ಮಕ್ಕಳನ್ನು ‘ಥರ್ಡ್ ಕಲ್ಚರ್ ಕಿಡ್ಸ್’ ಎಂದು ಕರೆದರು. ಅಪ್ಪ ಅಮ್ಮನ ರೀತಿನೀತಿ ಒಂದು, ಇರುವ ದೇಶದ್ದು ಇನ್ನೊಂದು. ಎರಡರ ನಡುವೆ ಓಡಾಡುವವರು ತಮ್ಮತಮ್ಮಲ್ಲೇ ಕಟ್ಟಿಕೊಳ್ಳುವುದು ಮೂರನೆಯದು. ಆ ಮೂರನೆಯದಕ್ಕೆ ಭೂಪಟದಲ್ಲಿ ಚುಕ್ಕಿ ಇಲ್ಲ, ಅವನು ಏನಂತ ಹೇಳಬೇಕು? ಪಾಸ್‌ಪೋರ್ಟಿನ ಊರು ಹೇಳಿದರೆ ಅಲ್ಲಿನ ದಾರಿ ಗೊತ್ತಿಲ್ಲ, ಈಗಿನ ಊರು ಹೇಳಿದರೆ ‘ಅಲ್ಲ, ನಿಜವಾಗ್ಲೂ ಎಲ್ಲಿಯವನು?’ ಅಂತಾರೆ. ಅದರ ಬದಲು ಎಲ್ಲೆಲ್ಲಿ ಇದ್ದೆ ಎಂದು ಕೇಳಿ ನೋಡಿ. ಮಾತು ನಿಲ್ಲಿಸುವುದೇ ಕಷ್ಟ ಆಗಬಹುದು.

ಇನ್ನು ಟ್ರಾನ್ಸ್‌ಫರ್. ಇದರಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಸಾಧ್ಯವಿದ್ದರೆ 12 ಮುಗಿಯುವವರೆಗೆ ಅವನನ್ನು ಕದಲಿಸಬೇಡಿ. ಐಬಿ ಡಿಪ್ಲೊಮಾ ಎರಡು ವರ್ಷದ ಒಂದೇ ಓಟ. ಆರು ವಿಷಯ, ಅದರ ಮೇಲೆ 4,000 ಪದದವರೆಗಿನ ಪ್ರಬಂಧ ಬೇರೆ. ಅವನು ಆರಿಸಿಕೊಂಡ ವಿಷಯವೇ ಹೊಸ ಶಾಲೆಯಲ್ಲಿ ಇಲ್ಲದೆ ಹೋಗಬಹುದು. ಸಾಹಿತ್ಯದ ಪಠ್ಯಗಳನ್ನು ಶಾಲೆಗಳೇ ಆರಿಸುವುದರಿಂದ ಓದಿದ ಪುಸ್ತಕಗಳೂ ಬೇರೆ ಆಗಬಹುದು. ಯಜಮಾನರು ಮೊದಲು ಹೋಗಿ, ನೀವಿಬ್ಬರು ಆಮೇಲೆ ಹೋದರೆ ಆಗುವುದಿಲ್ಲವೇ? ಫೀಸು ಕಂಪನಿ ಕಟ್ಟುತ್ತಿದ್ದರೆ ಇದು ಸುಲಭದ ಮಾತಲ್ಲ, ಗೊತ್ತು. ಕೆಲಸದ ಜೊತೆ ಶಾಲೆಯೂ ಹೋಗುತ್ತದೆ. ಇದು ಮಕ್ಕಳಿಗೂ ಗೊತ್ತಿರುತ್ತದೆ, ಅದೇ ಬೇಜಾರು.

ಹೋಗಲೇಬೇಕಾದರೆ ಅವನಿಗೆ ಮೊದಲು ಹೇಳಿ. ಬಾಗಿಲು ಮುಚ್ಚಿ ಮಾತಾಡಿದರೂ ಅವನಿಗೆ ಕೇಳಿಸುತ್ತದೆ. ಅಷ್ಟೇ ಅಲ್ಲ, ಸರಿಯಾಗಿ ವಿದಾಯ ಹೇಳಲು ಬಿಡಿ. ಸಾಮಾನು ಪ್ಯಾಕ್ ಮಾಡುವ ಗಲಾಟೆಯಲ್ಲಿ ಇದೊಂದು ಯಾರಿಗೂ ನೆನಪಾಗುವುದಿಲ್ಲ. ಜಗಳ ಆಡಿಕೊಂಡವನ ಹತ್ತಿರ ಹೋಗಿ ರಾಜಿ ಆಗಲಿ, ತಂದ ಪುಸ್ತಕ ವಾಪಸ್ ಕೊಡಲಿ, ಲಾಕರ್ ತಾನೇ ಖಾಲಿ ಮಾಡಲಿ. ‘ಅಲ್ಲಿ ಹೊಸಬರು ಸಿಗ್ತಾರೆ ಬಿಡು’ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ‘ನಿನಗೇನು ಕಮ್ಮಿ’ ಅನ್ನುವುದೂ ಬೇಡ.

ಉಳಿದರೆ, ವಾರಕ್ಕೊಮ್ಮೆಯಾದರೂ ಶಾಲೆಯ ಗೇಟಿನ ಹೊರಗೆ ಕಳಿಸಿ. ಶಾಲೆ, ಸ್ಕೂಲ್ ಬಸ್ಸು, ಅಪಾರ್ಟ್‌ಮೆಂಟು, ಇಷ್ಟರಲ್ಲೇ ಸುತ್ತಿ ಆ ದೇಶದ ಭಾಷೆ ನಾಲ್ಕು ಮಾತೂ ಬಾರದ ಮಕ್ಕಳು ಎಷ್ಟೋ. ಬಡಾವಣೆಯ ಫುಟ್‌ಬಾಲ್ ಟೀಮಿನ ಹುಡುಗರು ಶಾಲೆಯ ವರ್ಷ ಮುಗಿದು ಜೂನ್ ಬಂತೆಂದು ಊರು ಬಿಡುವವರಲ್ಲ. ಅವನಿಗೆ ಈಗ ಬೇಕಾದ್ದು ಅಂಥವರೇ.

ಒಂದು ವಿಷಯ ಮಾತ್ರ ಸುಮ್ನೆ ಬಿಡಬೇಡಿ. ವಾರಗಟ್ಟಲೆ ಊಟ, ನಿದ್ದೆ ಸರಿ ಇಲ್ಲ ಎಂದಾದರೆ, ಬದುಕಿ ಏನು ಪ್ರಯೋಜನ ಎಂಬಂಥ ಮಾತು ಬಂದರೆ, ಅವತ್ತೇ ಶಾಲೆಯ ಕೌನ್ಸೆಲರ್‌ಗೋ ಡಾಕ್ಟರಿಗೋ ತೋರಿಸಿ. ಪತ್ರದಲ್ಲಿ ಹೇಳುವ ಬುದ್ಧಿ ಅಲ್ಲಿ ಸಾಲದು.

ಪತ್ರ ಬರೆದಿದ್ದು ಮಗನಿಗೆ ಗೊತ್ತಿಲ್ಲ ಎಂದಿದ್ದೀರಿ. ಈ ಸಂಚಿಕೆ ಬಂದ ಮೇಲೆ ಹೇಳಿ. ಅವನಿಗೆ ಕನ್ನಡ ಓದಲು ಬರದಿದ್ದರೆ ನೀವೇ ಓದಿ ಹೇಳಿ. ಬಾಗಿಲು ಹಾಕಿಕೊಂಡರೂ ಪರವಾಗಿಲ್ಲ, ಪೆನ್ಸಿಲ್ ಬಾಕ್ಸಿನ ಕಥೆ ಬಂದಾಗ ಸ್ವಲ್ಪ ಜೋರಾಗಿ ಓದಿ.

— ಸಂಪಾದಕ