ಎಳನೀರು ಲೆಕ್ಕದಲ್ಲಿ ಸಿಕ್ಕಾಕೊಂಡ ತಿಪಟೂರು ಹುಡುಗ: ಒಂದು ಆಪ್ತಸಲಹೆ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಈ ಹುಡುಗನ ಒಪ್ಪಿಗೆ ತಗೊಂಡೇ ಬರೀತಿರೋದು, ವಯಸ್ಸು ಕಾಲೇಜು ಮನೆ ವಿವರ ಎಲ್ಲಾ ಸ್ವಲ್ಪ ಅದಲುಬದಲು ಮಾಡಿದ್ದೀನಿ, ಕಂಪನಿ ಯಾವ್ದು ಅಂತ ದಯವಿಟ್ಟು ಕೇಳ್ಬೇಡಿ. ತಿಪಟೂರು ಕಡೆಯವ್ನು ಅನ್ನೋದನ್ನ ಮಾತ್ರ ಅವನೇ "ಇರ್ಲಿ ಬಿಡಿ ಮೇಡಂ, ಅದಿಲ್ದೆ ಹೇಳೋಕೇನಿದೆ" ಅಂದ.

ಇಂಜಿನಿಯರಿಂಗ್ ಆಗಿ ಎಂಬಿಎ ಮುಗಿಸಿದ್ದ, ಎಜುಕೇಶನ್ ಲೋನ್ ತಲೆ ಮೇಲಿದೆ. ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಲಿ, ಅಂದ್ರೆ ಬೇರೆ ಕಂಪನಿಗಳಿಗೆ ವ್ಯವಹಾರದ ಸಲಹೆ ಕೊಡೋ ಕಂಪನಿಲಿ, ಕೊನೇ ರೌಂಡ್‌ವರೆಗೂ ಹೋಗಿ ರಿಜೆಕ್ಟ್ ಆಗಿದ್ದ. ನನ್ ಹತ್ರ ಕರ್ಕೊಂಡು ಬಂದಿದ್ದು ಅವ್ನ ರೂಮ್‌ಮೇಟ್. ರಾತ್ರಿ ಮೂರು ಗಂಟೆಗೆ ಎದ್ದು ಲೈಟ್ ಹಾಕಿ ನೋಟ್‌ಬುಕ್‌ನಲ್ಲಿ ಗುಣಾಕಾರ ಮಾಡ್ತಾ ಕೂತಿರ್ತಾನೆ, ಒಂದೇ ಲೆಕ್ಕ, ದಿನಾ, ಅಂತ ಕಂಪ್ಲೇಂಟು.

ಈ ಕಂಪನಿಗಳ ಇಂಟರ್ವ್ಯೂ ಗೊತ್ತಿಲ್ದೋರಿಗೆ ಸ್ವಲ್ಪ ಹೇಳ್ಬೇಕು. ಮೊದ್ಲು ರೆಸ್ಯೂಮೆಯಲ್ಲೇ ತುಂಬಾ ಜನ ಸೋರಿಹೋಗ್ತಾರೆ. ಆಮೇಲೆ ಆನ್‌ಲೈನ್ ಟೆಸ್ಟ್, ಮೆಕಿನ್ಸೆ ಅನ್ನೋ ದೊಡ್ಡ ಕನ್ಸಲ್ಟಿಂಗ್ ಕಂಪನಿಲಾದ್ರೆ ಸಾಲ್ವ್ ಅಂತ ಗೇಮ್ ಥರದ್ದು. ಅದಾದ್ಮೇಲೆ ಅಸಲಿ ಆಟ, ಕೇಸ್ ಇಂಟರ್ವ್ಯೂ. ಒಂದು ಕಂಪನಿಯ ಲಾಭ ಕಮ್ಮಿ ಆಗ್ತಿದೆ ಯಾಕೆ, ಇಂಥ ಊರಲ್ಲಿ ಇಂಥ ವಸ್ತು ಎಷ್ಟು ಮಾರಾಟ ಆಗುತ್ತೆ, ಅಂತ ಕೇಳ್ತಾರೆ, ಕ್ಯಾಲ್ಕುಲೇಟರ್ ಇಲ್ಲ, ಪೇಪರ್ ಮೇಲೆ ಜೋರಾಗಿ ಯೋಚಿಸ್ಬೇಕು. ಜೊತೆಗೆ ಫಿಟ್ ರೌಂಡು, ನಿಮ್ಮ ಜೀವನದಲ್ಲಿ ಯಾರನ್ನಾದ್ರೂ ಒಪ್ಪಿಸಿ ಕೆಲಸ ಮಾಡಿಸಿದ ಒಂದು ಘಟನೆ ಹೇಳಿ ಅಂತ ಶುರು ಮಾಡಿ, ಆಗ ನೀವೇನಂದ್ರಿ, ಅವ್ರೇನಂದ್ರು, ಯಾಕಂದ್ರು ಅಂತ ಅಗೀತಾ ಹೋಗ್ತಾರೆ.

ನಮ್ಮ ಹುಡುಗ ಅರವತ್ತಕ್ಕೂ ಜಾಸ್ತಿ ಕೇಸ್ ಪ್ರಾಕ್ಟೀಸ್ ಮಾಡಿದ್ದ. ಮೆಕಿನ್ಸೆ ವೆಬ್‌ಸೈಟ್‌ನಲ್ಲಿ ಹಾಕಿರೋ ಪ್ರಾಕ್ಟೀಸ್ ಕೇಸ್‌ಗಳಲ್ಲಿ ಮೆಕ್ಸಿಕೋ ಹಳ್ಳಿ ಅಂಗಡಿಗಳ ಮೂಲಕ ಸರ್ಕಾರದ ಸಹಾಯಧನ ಹಂಚೋದು ಒಂದಿದೆ, ಅದು ಇವನಿಗೆ ಬಾಯಿಪಾಠ. ಮೆಕ್ಸಿಕೋ ಹಳ್ಳಿಯೋರು ದುಡ್ಡು ತಗೊಳ್ಳೋಕೆ ಎಷ್ಟು ದೂರ ಹೋಗ್ತಾರೆ ಅನ್ನೋದನ್ನೆಲ್ಲ ನನಗೆ ಹೇಳ್ದ, ಹೇಳೋವಾಗ ಕಣ್ಣು ಗೋಡೆ ಮೇಲೆ.

ಮೊದಲ ಸೆಷನ್‌ನಲ್ಲಿ ನಾನೇ ಎಡವಿದೆ. "ಹೋಗ್ಲಿ ಬಿಡಪ್ಪ, ಕಂಪನಿಗಳಿಗೇನು ಬರನಾ" ಅಂದ್ಬಿಟ್ಟೆ. ಇಪ್ಪತ್ತು ವರ್ಷ ಈ ಕೆಲಸ ಮಾಡಿ ಪಕ್ಕದ್ಮನೆ ಆಂಟಿ ಥರ ಮಾತಾಡಿದ್ದೆ. ಹುಡುಗ "ಹೂಂ ಮೇಡಂ" ಅಂದ, ಆಮೇಲೆ ಗಂಟೆ ಮುಗಿಯೋವರೆಗೂ ಹೂಂ ಬಿಟ್ಟು ಬೇರೆ ಇಲ್ಲ. ಸಾಯೋ ಯೋಚನೆ ಏನಾದ್ರೂ ಬರುತ್ತಾ ಅಂತ ನೇರವಾಗೇ ಕೇಳ್ದೆ, ಇಲ್ಲ ಅಂದ, ಆದ್ರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಫೋನಲ್ಲಿ ಸೇವ್ ಮಾಡಿಸಿ ಕಳಿಸ್ದೆ. ನಿದ್ದೆ ಇಲ್ದೋರಿಗೆ ಮಧ್ಯರಾತ್ರಿ ನಾನಂತೂ ಸಿಗಲ್ಲ.

ಎರಡನೇ ಸಲ ಬಂದಾಗ ಆ ನೋಟ್‌ಬುಕ್ ತಗೊಂಡು ಬಾ ಅಂದಿದ್ದೆ, ತಂದ. ಕೊನೇ ರೌಂಡ್‌ನಲ್ಲಿ ಪಾರ್ಟ್‌ನರ್, ಅಂದ್ರೆ ಕಂಪನಿಯ ದೊಡ್ಡ ಹುದ್ದೆಯವ್ರು, ಕೇಳಿದ ಪ್ರಶ್ನೆ: ಬೆಂಗಳೂರಲ್ಲಿ ದಿನಕ್ಕೆ ಎಷ್ಟು ಎಳನೀರು ಮಾರಾಟ ಆಗುತ್ತೆ? ಇವನು ಪುಸ್ತಕದ ಪ್ರಕಾರ ಶುರು ಮಾಡಿದ್ದಾನೆ, ಜನಸಂಖ್ಯೆ 1.3 ಕೋಟಿ, ವಯಸ್ಸು, ಆದಾಯ ಅಂತ ಭಾಗ ಮಾಡಿ, 30 ಪರ್ಸೆಂಟ್ ಜನ ದಿನಕ್ಕೊಂದು ಕುಡೀತಾರೆ, 39 ಲಕ್ಷ. ಅವ್ರು "ಈ ನಂಬರ್ ಸರಿನಾ ಅಂತ ಹೇಗೆ ಚೆಕ್ ಮಾಡ್ತೀರಾ" ಅಂದಿದ್ದಾರೆ. ಇವನಿಗೆ ಬ್ಲಾಂಕ್. ಗುಣಾಕಾರ ತಪ್ಪಿರ್ಬೇಕು ಅನ್ಕೊಂಡು ಮತ್ತೆ ಗುಣಿಸಿದ್ದಾನೆ, ಮತ್ತೆ 39 ಲಕ್ಷ. ಅವತ್ತಿಂದ ರಾತ್ರಿ ಅದನ್ನೇ ಗುಣಿಸ್ತಿದ್ದಾನೆ.

ಕೌನ್ಸೆಲಿಂಗ್ ಪುಸ್ತಕದಲ್ಲಿ ಇದನ್ನ ಹೇಳಿಕೊಟ್ಟಿಲ್ಲ, ಆದ್ರೆ ನನಗೆ ತಡೆಯೋಕಾಗ್ಲಿಲ್ಲ, "ಒಂದು ಲಾರಿಗೆ ಎಷ್ಟು ಎಳನೀರು ಹಿಡಿಯುತ್ತೆ?" ಅಂದೆ. ಹುಡುಗ ಯೋಚಿಸ್ದೇನೇ "ಹತ್ತು ಟನ್ ಲಾರಿಗೆ ಐದು ಸಾವಿರ ಹಿಡೀಬಹುದು" ಅಂದ. ಅಂದವನೇ ಸುಮ್ನಾದ. ಪೆನ್ ಎತ್ಕೊಂಡ. 39 ಲಕ್ಷ ಭಾಗಿಸು 5 ಸಾವಿರ, 780. "ದಿನಕ್ಕೆ 780 ಲಾರಿನಾ? ಮದ್ದೂರು ಎಳನೀರು ಮಾರ್ಕೆಟ್‌ನಿಂದ ಮೈಸೂರು ರೋಡಲ್ಲಿ ಬಂದ್ರೆ ಕೆಂಗೇರಿ ದಾಟೋಕೆ ಸಂಜೆ ಆಗುತ್ತೆ!" ಅಂತ ನಕ್ಕ. ಮೂರು ವಾರದಲ್ಲಿ ಮೊದಲ ನಗು ಅಂತೆ. ಆಮೇಲೆ ಅವನೇ ಮುಂದುವರ್ಸಿದ, ಒಬ್ಬ ಗಾಡಿಯವ್ನು ದಿನಕ್ಕೆ 150 ಕಾಯಿ ಮಾರಿದ್ರೆ 26 ಸಾವಿರ ಗಾಡಿ ಬೇಕು, ಸಾಧ್ಯನೇ ಇಲ್ಲ ಬಿಡಿ.

"ಇದನ್ನ ಅಲ್ಲಿ ಯಾಕೆ ಹೇಳ್ಲಿಲ್ಲ?"

"ಅಲ್ಲಿ ಲಾರಿ ಗೀರಿ ಅಂದ್ರೆ ಹಳ್ಳಿ ಗುಗ್ಗು ಅನ್ಕೊಳ್ತಾರೆ ಅಂತ."

ಇಲ್ಲಿ ಬಂತು ನೋಡಿ ವಿಷಯ. ಫಿಟ್ ರೌಂಡ್‌ನಲ್ಲಿ ಏನು ಹೇಳ್ದೆ ಅಂತ ಅವನನ್ನ ಕೇಳಿದ್ರೆ, ಕಾಲೇಜ್ ಫೆಸ್ಟ್‌ಗೆ ಸ್ಪಾನ್ಸರ್ ತಂದ ಕಥೆ. ಅದನ್ನ ಪ್ರತಿ ಎರಡನೇ ಕ್ಯಾಂಡಿಡೇಟ್ ಹೇಳ್ತಾನೆ. ಇವನ ಮನೇಲಿ ನಡೆದಿದ್ದೇನು ಗೊತ್ತಾ? ತಿಪಟೂರು ಕಡೆ ಉಂಡೆ ಕೊಬ್ಬರಿ ಮಾಡೋರು ಬಲಿತ ಕಾಯಿನ ಅಟ್ಟದ ಮೇಲೆ ತಿಂಗಳಾನುಗಟ್ಟಲೆ ಒಣಗೋಕೆ ಬಿಡ್ತಾರೆ, ಅಲ್ಲಾಡ್ಸಿದ್ರೆ ಒಳಗೆ ಗಿಟುಕು ಲೊಡ ಲೊಡ ಅನ್ಬೇಕು, ಹೆಚ್ಚುಕಮ್ಮಿ ಒಂದು ವರ್ಷ ದುಡ್ಡು ಅಟ್ಟದ ಮೇಲೇ ಕೂತಿರುತ್ತೆ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ಇದ್ರೂ ಮಾರ್ಕೆಟ್ ರೇಟು ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅಪ್ಪ ಸಿಟ್ಟಲ್ಲಿ ಎಲ್ಲಾ ಮಾರಿ ಕೈತೊಳ್ಕೊತೀನಿ ಅಂದಾಗ ಈ ಹುಡುಗ ರಜೆಗೆ ಬಂದವ್ನು ಕೂತು ಲೆಕ್ಕ ಹಾಕಿ, ಸಾಲದ ಕಂತಿಗೆ ಆಗೋಷ್ಟು ಮಾತ್ರ ಈಗ ಮಾರೋಣ, ಉಳಿದಿದ್ದು ಬೆಂಬಲ ಬೆಲೆಗೆ ಕೊಳ್ಳೋ ನಾಫೆಡ್ ಖರೀದಿ ಕೇಂದ್ರಕ್ಕೆ ಹಾಕೋಣ ಅಂತ ಅಪ್ಪನ್ನೂ ಚಿಕ್ಕಪ್ಪನ್ನೂ ಒಪ್ಪಿಸಿದ್ದಾನೆ, ಅದೂ ಎರಡು ದಿನ ಜಗಳ ಆಡಿ. ಕನ್ಸಲ್ಟಿಂಗ್ ಅಂದ್ರೆ ಇನ್ನೇನ್ರೀ! ಅದನ್ನ ಯಾಕೋ ಅಟ್ಟದ ಮೇಲೇ ಬಿಟ್ಟು ಇಂಟರ್ವ್ಯೂಗೆ ಹೋಗಿದ್ದೆ ಅಂದೆ.

ಆ ಕಂಪನಿ ಒಳಗಿದ್ದ ಸೀನಿಯರ್ ಒಬ್ಬ ಇವನಿಗೆ ಆಮೇಲೆ ಹೇಳಿದ್ನಂತೆ, ನಿನ್ ಉತ್ತರ ಎಲ್ಲಾ ರಿಹರ್ಸಲ್ ಮಾಡಿದಂಗಿತ್ತು ಅಂತ. ಇವನು ಅದನ್ನ ಇಂಗ್ಲಿಷ್ ಸರಿ ಇಲ್ಲ ಅಂತ ಅರ್ಥ ಮಾಡ್ಕೊಂಡು ಮೂರು ಸಾವಿರ ಕೊಟ್ಟು ಆಕ್ಸೆಂಟ್ ಕೋರ್ಸ್ ಬೇರೆ ಸೇರಿದ್ದ. ಬಿಡಿಸ್ದೆ.

ನಿದ್ದೆ ಕೆಡಿಸಿದ್ದು ಮಾತ್ರ ಬರೀ ಎಳನೀರಲ್ಲ. ಮೂರನೇ ಸೆಷನ್‌ನಲ್ಲಿ ಬಾಯಿಬಿಟ್ಟ, ಮನೇಲಿ ಇನ್ನೂ ರಿಸಲ್ಟ್ ಬಂದಿಲ್ಲ ಅಂತ ಸುಳ್ಳು ಹೇಳ್ಕೊಂಡು ಬಂದಿದ್ದಾನೆ, ಒಂದು ತಿಂಗಳಿಂದ. ಅಪ್ಪ ದಿನಾ ಸಂಜೆ ಫೋನ್ ಮಾಡಿ "ಏನಾದ್ರೂ ಬಂತೇನಪ್ಪ" ಅಂತಾರೆ, ಇವನು "ಪ್ರೊಸೆಸ್‌ನಲ್ಲಿದೆ" ಅಂತಾನೆ. ಆ ಪ್ರೊಸೆಸ್ ಅನ್ನೋ ಪದ ಅಮ್ಮನಿಗೂ ಬಾಯಿಗೆ ಬಂದು ಊರಲ್ಲೆಲ್ಲಾ "ನಮ್ ಹುಡುಗಂದು ಪ್ರೊಸೆಸ್‌ನಲ್ಲಿದೆ" ಅಂತ ಹೇಳ್ತಿದ್ದಾರಂತೆ.

ನಾನು ಕೊಟ್ಟ ಸಲಹೆ ಇಷ್ಟು. ಮನೆಗೆ ಫೋನಲ್ಲಿ ಬೇಡ, ಊರಿಗೆ ಹೋಗಿ ಹೇಳು, ಊಟ ಆದ್ಮೇಲೆ, ಎರಡೇ ವಾಕ್ಯ, ಆಗ್ಲಿಲ್ಲ ಮತ್ತೆ ಹೇಳೋಕೆ ಭಯ ಆಯ್ತು, ಅಷ್ಟೇ. ಕಾರಣ ವಿವರಿಸೋಕೆ ಹೋಗ್ಬೇಡ, ಅವ್ರು ಕೇಳಿದ್ರೆ ಹೇಳು. ರಾತ್ರಿ ಎಚ್ಚರ ಆದ್ರೆ ಹಾಸಿಗೆಲಿ ಹೊರಳಾಡ್ಬೇಡ, ಎದ್ದು ಕೂತ್ಕೋ, ನಿದ್ದೆ ಬಂದ್ಮೇಲೆ ಮಲಗು, ಬೆಳಗ್ಗೆ ಏಳೋ ಟೈಮ್ ಮಾತ್ರ ಬದಲಾಯಿಸ್ಬೇಡ, ನೋಟ್‌ಬುಕ್ ರೂಮ್‌ಮೇಟ್ ಕೈಗೆ ಕೊಡು. ಕೇಸ್ ಪ್ರಾಕ್ಟೀಸ್ ವಾರಕ್ಕೆ ಎರಡೇ, ಆದ್ರೆ ಪ್ರತಿ ಉತ್ತರಕ್ಕೂ ನಿನ್ ಕಣ್ಣಾರೆ ಕಂಡಿದ್ದರಿಂದ ಒಂದು ಚೆಕ್ ಹಾಕ್ಬೇಕು. ಒಂದು ನಿಮಿಷ ಯೋಚಿಸ್ಬೋದಾ ಅಂತ ಕೇಳೋದು ಅಲ್ಲಿ ತಪ್ಪಲ್ಲ, ಆ ನಿಮಿಷದಲ್ಲಿ ಪೇಪರ್ ಮೇಲೆ ಕನ್ನಡದಲ್ಲೇ ಗೀಚಿದ್ರೂ ಯಾರೂ ಕೇಳಲ್ಲ.

ಊರಿಗೆ ಹೋಗಿ ಬಂದ. ಅಪ್ಪ ಸ್ವಲ್ಪ ಹೊತ್ತು ಸುಮ್ನಿದ್ದು "ಲೋನ್ ಕಂತು ಯಾವಾಗಿಂದ ಶುರು" ಅಂತ ಕೇಳಿ ಎದ್ದು ಹೋದ್ರಂತೆ. ಅಮ್ಮ ಅತ್ರಂತೆ. ಮಾರನೇ ದಿನ ಅಟ್ಟದಿಂದ ಕಾಯಿ ಇಳಿಸೋಕೆ ಇವನನ್ನೂ ಹತ್ತಿಸಿದ್ರಂತೆ, ಸಂಜೆವರೆಗೂ. ಅಪ್ಪಂಗೆ ಬೇಜಾರಾಗಿದೆ ಮೇಡಂ, ಆದ್ರೆ ಈಗ ಸಂಜೆ ಫೋನ್ ಬಂದ್ರೆ ಕೈ ನಡುಗಲ್ಲ ಅಂದ.

ಈಗ ಇನ್ನೊಂದು ಕಡೆ ಎರಡನೇ ರೌಂಡ್‌ನಲ್ಲಿದ್ದಾನೆ. ವಾರಕ್ಕೆ ಒಂದೆರಡು ರಾತ್ರಿ ಇನ್ನೂ ಮೂರು ಗಂಟೆಗೆ ಎಚ್ಚರ ಆಗುತ್ತಂತೆ. ಮುಂದಿನ ಸೆಷನ್ ಹದಿನೈದು ದಿನ ಬಿಟ್ಟು ಇಟ್ಕೊಂಡಿದ್ದೀವಿ.