ಹಿಮ್ಮಡಿಗೆ ಕರೆಂಟ್ ಬೇಡ, ಭಾರ ಬೇಕು
ಓದುಗರ ಪ್ರಶ್ನೆ – ಫಿಸಿಯೋಥೆರಪಿ ತಜ್ಞರ ಉತ್ತರ

ಪ್ರಶ್ನೆ: ನನಗೆ 52 ವರ್ಷ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಊರಿದರೆ ಬಲ ಹಿಮ್ಮಡಿಯಲ್ಲಿ ಜೀವ ಹೋಗುವಷ್ಟು ನೋವು. ನಾಲ್ಕು ಹೆಜ್ಜೆ ಹಾಕಿದ ಮೇಲೆ ತಗ್ಗುತ್ತದೆ. ಎಕ್ಸ್‌ರೇ ನೋಡಿ ಮೂಳೆ ಬೆಳೆದಿದೆ ಎಂದರು. ಹತ್ತು ದಿನ ಕರೆಂಟ್, ಅಲ್ಟ್ರಾಸೌಂಡ್ ಇಡಿಸಿಕೊಂಡೆ, ಪ್ರಯೋಜನವಾಗಲಿಲ್ಲ. ಇನ್ನೂ ಹತ್ತು ದಿನ ಇಡಿಸಲೇ?
– ಶಿಕ್ಷಕಿ, ರಾಜಾಜಿನಗರ

ಉತ್ತರ: ಬೇಡ. ಅಲ್ಟ್ರಾಸೌಂಡನ್ನು ಆಫ್ ಮಾಡಿದ ಯಂತ್ರದ ಜೊತೆ ಹೋಲಿಸಿ ನೋಡಿದಾಗಲೂ ಹಿಮ್ಮಡಿ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ. ಎಕ್ಸ್‌ರೇಯ ಮೂಳೆಯ ಮೊನೆಯನ್ನೂ ಮರೆತುಬಿಡಿ, ನೋವೇ ಇಲ್ಲದ ಎಷ್ಟೋ ಜನರಲ್ಲಿ ಅದು ಇರುತ್ತದೆ. ನೀವು ಹೇಳಿದ್ದು ಪ್ಲಾಂಟಾರ್ ಫೇಶಿಯೈಟಿಸ್‌ನ, ಅಂದರೆ ಹಿಮ್ಮಡಿಯಿಂದ ಬೆರಳುಗಳವರೆಗೆ ಚಾಚಿದ ಅಂಗಾಲಿನ ಗಟ್ಟಿ ಪಟ್ಟಿಯ ನೋವಿನ ಲಕ್ಷಣ. ಹಿಮ್ಮಡಿಯ ಅಡಿಯಲ್ಲಿ, ಒಳಬದಿಗೆ ಸ್ವಲ್ಪ ಮುಂದೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಅದೇ ನೋವು ಬಂದರೆ ಅನುಮಾನ ಬಲವಾಗುತ್ತದೆ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಅಮುಕಿದರೆ ಹೆಚ್ಚು ನೋವೆನಿಸಿದರೆ ಮೂಳೆಯ ಸಣ್ಣ ಬಿರುಕು ಇರಬಹುದು. ಅಂಗಾಲು ಉರಿದು ಜುಮ್ಮೆಂದರೆ ನರದ ವಿಚಾರ. ಇವೆರಡಕ್ಕೂ ವೈದ್ಯರನ್ನು ಕಾಣಬೇಕು, ಕೆಳಗಿನ ವ್ಯಾಯಾಮ ಅವಕ್ಕಲ್ಲ.

ಡೆನ್ಮಾರ್ಕ್‌ನಲ್ಲಿ 48 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಅಂಗಾಲು ಎಳೆಯುವ ವ್ಯಾಯಾಮ, ಇನ್ನೊಂದಕ್ಕೆ ಭಾರ ಹಾಕುವ ವ್ಯಾಯಾಮ ಕೊಟ್ಟರು. ಮೂರು ತಿಂಗಳಿಗೆ ಭಾರದ ಗುಂಪು ಸ್ಪಷ್ಟವಾಗಿ ಮುಂದಿತ್ತು. ವರ್ಷ ತುಂಬುವಾಗ ಇಬ್ಬರೂ ಸಮಸಮ. ಅಂದರೆ ಭಾರದಿಂದ ಆಗುವ ಲಾಭ ಬೇಗ ಗುಣ ಕಾಣುವುದು. ನಿಂತು ಪಾಠ ಮಾಡುವವರಿಗೆ ಅದು ಸಣ್ಣ ಲಾಭವಲ್ಲ.

ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಮಾತ್ರ ಊರಿ, ಹಿಮ್ಮಡಿ ಹೊರಗಿರಲಿ. ಟವೆಲ್ ಸುತ್ತಿ ಬೆರಳುಗಳ ಕೆಳಗಿಡಿ, ಬೆರಳು ಆದಷ್ಟು ಮೇಲಕ್ಕೆ ಬಾಗಬೇಕು. ಕಂಬಿ ಹಿಡಿದು ನೋವಿರುವ ಒಂದೇ ಕಾಲಿನ ಮೇಲೆ 3 ಸೆಕೆಂಡಿನಲ್ಲಿ ಏರಿ, 2 ಸೆಕೆಂಡು ನಿಂತು, 3 ಸೆಕೆಂಡಿನಲ್ಲಿ ಇಳಿಯಿರಿ. ದಿನ ಬಿಟ್ಟು ದಿನ, 12 ಸಲದಂತೆ 3 ಸುತ್ತು. ಎರಡು ವಾರದ ಮೇಲೆ ಬೆನ್ನಿಗೆ ಪುಸ್ತಕ ತುಂಬಿದ ಬ್ಯಾಗ್ ಹಾಕಿ 10 ಸಲದಂತೆ 4 ಸುತ್ತು, ಇನ್ನೆರಡು ವಾರಕ್ಕೆ ಭಾರ ಹೆಚ್ಚಿಸಿ 8 ಸಲದಂತೆ 5 ಸುತ್ತು. ಆ ಎಣಿಕೆ ಮುಗಿದ ಮೇಲೂ ಇನ್ನೂ ನಾಲ್ಕು ಸಲ ಸಲೀಸಾಗಿ ಆಗುತ್ತದೆ ಎಂದರೆ ಭಾರ ಸಾಲದು. ಒಂದೇ ಕಾಲಿನಲ್ಲಿ ಆಗದಿದ್ದರೆ ಎರಡರಿಂದಲೇ ಶುರು ಮಾಡಿ.

ಹೆಚ್ಚಿನವರು ಎಡವುವುದು ಟವೆಲ್‌ನಲ್ಲಿ. ಅದಿಲ್ಲದಿದ್ದರೆ ಹೆಚ್ಚಿನ ಕೆಲಸ ಮೀನಖಂಡಕ್ಕೆ ಹೋಗಿ ಅಂಗಾಲಿನ ಪಟ್ಟಿ ಅಷ್ಟಾಗಿ ಬಿಗಿಯುವುದಿಲ್ಲ. ಇನ್ನು ಕೆಲವರು ಕುಣಿದಂತೆ ಬೇಗ ಬೇಗ ಏರಿಳಿಯುತ್ತಾರೆ, ಗುಣವಾಗಲಿ ಎಂದು ದಿನವೂ ಮಾಡುತ್ತಾರೆ. ಮಾಡುವಾಗ ನೋವು 10ಕ್ಕೆ 5ರೊಳಗಿದ್ದು ಮರುದಿನ ಬೆಳಗ್ಗೆ ಹೆಚ್ಚಿರದಿದ್ದರೆ ಸರಿ. ಹೆಚ್ಚಿದ್ದರೆ ಭಾರ ಇಳಿಸಿ, ನಿಲ್ಲಿಸಬೇಡಿ. ಹಾಸಿಗೆಯಿಂದ ಇಳಿಯುವ ಮೊದಲು ಕಾಲ ಮೇಲೆ ಕಾಲು ಹಾಕಿ ಬೆರಳನ್ನು ಮೊಣಕಾಲಿನ ಕಡೆಗೆ 10 ಸೆಕೆಂಡು ಎಳೆಯಿರಿ, 10 ಸಲ. ನಮ್ಮ ಮನೆಗಳ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲಿ ಓಡಾಡುವ ಅಭ್ಯಾಸವನ್ನು ಸದ್ಯಕ್ಕೆ ಬಿಡಿ, ಮೆತ್ತನೆಯ ಚಪ್ಪಲಿಯೊಂದನ್ನು ಮನೆಯೊಳಕ್ಕೇ ಇಟ್ಟುಕೊಳ್ಳಿ. ಲಾಲ್‌ಬಾಗ್‌ನ ವಾಕಿಂಗ್ ನಡೆಯಲಿ, ಬಂಡೆ ಹತ್ತುವುದು ಕೆಲವು ವಾರ ಬೇಡ.

ಪ್ರಶ್ನೆ: ವಯಸ್ಸು 40. ಸೊಂಟ ನೋವಿಗೆ ಎಂಆರ್‌ಐ ಮಾಡಿಸಿದೆ, ಡಿಸ್ಕ್ ಉಬ್ಬಿದೆ, ಸವೆದಿದೆ ಎಂದು ಬಂದಿದೆ. ವೈಟ್‌ಫೀಲ್ಡ್‌ಗೆ ಸ್ಕೂಟರ್‌ನಲ್ಲಿ ಹೋಗುವುದನ್ನು ಬಿಡಬೇಕೆ?
– ಬನಶಂಕರಿ

ಉತ್ತರ: ಬೇನೆಯೇ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ನಿಮ್ಮ ವಯಸ್ಸಿನವರಲ್ಲಿ ನೂರಕ್ಕೆ 68 ಮಂದಿಗೆ ಡಿಸ್ಕ್ ಸವೆದಿತ್ತು, 50 ಮಂದಿಗೆ ಉಬ್ಬಿತ್ತು. ರಿಪೋರ್ಟಿಗೂ ನೋವಿಗೂ ನಂಟಿದೆಯೇ ಎಂದು ನಿಮ್ಮ ದೇಹವನ್ನು ಪರೀಕ್ಷಿಸಿಯೇ ತಿಳಿಯಬೇಕು. ಅಂಗಾತ ಮಲಗಿಸಿ ನೇರ ಕಾಲು ಎತ್ತಿದಾಗ 30ರಿಂದ 70 ಡಿಗ್ರಿಯೊಳಗೆ ನೋವು ಮೊಣಕಾಲಿನ ಕೆಳಗೆ ಹರಿದರೆ ನರ ಒತ್ತಿಸಿಕೊಂಡಿರಬಹುದು. ತೊಡೆಯ ಹಿಂದೆ ಸೆಳೆದರೆ ಅದು ಬರೀ ಸ್ನಾಯು. ನೋವಿಲ್ಲದ ಕಾಲನ್ನು ಎತ್ತಿದಾಗ ನೋವಿರುವ ಕಾಲಿಗೆ ಹರಿದರೆ ಅನುಮಾನ ಬಹಳ ಗಟ್ಟಿ. ಹಿಮ್ಮಡಿಯ ಮೇಲೆ, ತುದಿಗಾಲಿನ ಮೇಲೆ ಹತ್ತು ಹೆಜ್ಜೆ ನಡೆದು ನೋಡಿ. ಒಂದು ಕಾಲು ಸೋತರೆ ತಡಮಾಡದೆ ತೋರಿಸಿ.

ಮೂತ್ರ ಕಟ್ಟುವುದು, ಕೂರುವ ಜಾಗ ಮರಗಟ್ಟುವುದು, ಎರಡೂ ಕಾಲು ಸೋಲುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಎಮರ್ಜೆನ್ಸಿಗೆ. ಜ್ವರದೊಂದಿಗೆ ನೋವಿದ್ದರೂ, ಹಿಂದೆ ಕ್ಯಾನ್ಸರ್ ಬಂದಿದ್ದರೂ ವೈದ್ಯರಿಗೆ ಹೇಳಬೇಕು. ಇವೇನೂ ಇಲ್ಲವೇ? ಸ್ಕೂಟರ್ ಬಿಡುವ ಅಗತ್ಯವಿಲ್ಲ. ಹಂಪ್‌ಗಳಲ್ಲಿ ನಿಧಾನಿಸಿ, ಟ್ರಾಫಿಕ್ಕಿನಲ್ಲಿ ಗಂಟೆಗಟ್ಟಲೆ ಕೂತ ದಿನ ಇಳಿದ ತಕ್ಷಣ ಹತ್ತು ನಿಮಿಷ ನಡೆಯಿರಿ. ಹಾಸಿಗೆ ಹಿಡಿಯಬೇಡಿ.

ಪ್ರಶ್ನೆ: 66 ವರ್ಷದ ನನ್ನ ಮೊಣಕಾಲಿಗೆ ಸವೆತವಿದೆ. ಮೆಟ್ರೋ ಮೆಟ್ಟಿಲು ಹತ್ತಿದರೆ ಇನ್ನಷ್ಟು ಸವೆಯುವುದೇ?
– ಗೃಹಿಣಿ, ಮಲ್ಲೇಶ್ವರ

ಉತ್ತರ: ಇಲ್ಲಮ್ಮ. ಹತ್ತುವುದನ್ನೇ ಬಿಟ್ಟರೆ ತೊಡೆಯ ಬಲ ಇಳಿದು ನೋವು ಬೆಳೆಯುತ್ತದೆ. ಮೊದಲು ಅಳೆದುಕೊಳ್ಳಿ: ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿಸಿ, ಕೈಗಳನ್ನು ಎದೆಗೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಣಿಸಿ. ನಿಮ್ಮ ವಯಸ್ಸಿನ ಹೆಂಗಸರಿಗೆ 11ಕ್ಕಿಂತ ಕಡಿಮೆ ಬಂದರೆ ಬಲ ಸಾಲದೆಂದು ಲೆಕ್ಕ. ಅದೇ ಎದ್ದು ಕೂರುವುದನ್ನು ವಾರಕ್ಕೆ ಮೂರು ದಿನ, 8 ಸಲದಂತೆ 3 ಸುತ್ತು ಮಾಡಿ, ನಾಲ್ಕು ವಾರಕ್ಕೆ ಮತ್ತೆ ಎಣಿಸಿ. ಮೊಣಕಾಲು ಬಿಸಿಯಾಗಿ ಊದಿಕೊಂಡರೆ, ಅರ್ಧಕ್ಕೆ ಸಿಕ್ಕಿಕೊಂಡು ಚಾಚಲು ಬಾರದಿದ್ದರೆ ಮಾತ್ರ ವ್ಯಾಯಾಮ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.