ಒಹಾಯೋದ ಕೋವಿಡ್ ಲೆಕ್ಕ ಮತ್ತು ಹತ್ತು ಲಕ್ಷ ಡಾಲರಿನ ಲಾಟರಿ: ಹೊಸಬರೊಬ್ಬರ ಪ್ರಶ್ನೆಗೆ ಉತ್ತರ

(ಇದು 2021ರ ನವೆಂಬರಿನಲ್ಲಿ ಬರೆದ ಉತ್ತರ; ಇದರಲ್ಲಿನ ಕೋವಿಡ್ ನಿಯಮ, ಲೆಕ್ಕಗಳೆಲ್ಲ ಆಗಿನವು, ಈಗಿನವಲ್ಲ.) ಜನವರಿಯಲ್ಲಿ ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳೊಂದಿಗೆ ಮೈಸೂರಿನಿಂದ ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್‌ಗೆ ಬರುತ್ತಿದ್ದೇನೆ ಎಂದು ಬರೆದಿದ್ದೀರಿ. ನಿಮ್ಮ ಮುಖ್ಯ ಪ್ರಶ್ನೆಗಳು ಮೂರು. ಅಲ್ಲಿ ಮತ್ತೆ ಕೇಸು ಏರುತ್ತಿದೆಯಂತೆ, ಹೌದೇ? ಲಸಿಕೆ ಹಾಕಿಸಿಕೊಂಡವರಿಗೆ ಸರ್ಕಾರವೇ ದುಡ್ಡು ಕೊಡುತ್ತದಂತೆ, ಹೌದೇ? ಅಷ್ಟಾದರೂ ಜನ ಹಾಕಿಸಿಕೊಳ್ಳುತ್ತಿಲ್ಲವಂತೆ, ಅದೂ ಹೌದೇ? ಮೂರಕ್ಕೂ ಹೌದು ಎಂದೇ ಉತ್ತರ. ಆದರೆ ಬರಿಯ ಹೌದಿನಿಂದ ನಿಮಗೆ ಉಪಯೋಗವಿಲ್ಲ.

ಮೊದಲು ಸುಲಭದ್ದನ್ನು ಮುಗಿಸುತ್ತೇನೆ. ನಿಮ್ಮಿಬ್ಬರಿಗೂ ಆಗಿರುವುದು ಕೋವ್ಯಾಕ್ಸಿನ್ ಎಂದು ಆತಂಕಪಟ್ಟಿದ್ದೀರಿ. 2021ರ ನವೆಂಬರ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತುರ್ತು ಬಳಕೆಗೆ ಒಪ್ಪಿದ ಲಸಿಕೆಗಳ ತನ್ನ ಪಟ್ಟಿಗೆ ಸೇರಿಸಿತು. ಅಮೆರಿಕ ನವೆಂಬರ್ 8ರಿಂದ ವಿದೇಶಿ ಪ್ರಯಾಣಿಕರಿಗೆ ಪೂರ್ಣ ಲಸಿಕೆ ಕಡ್ಡಾಯ ಮಾಡಿದಾಗ ಆ ಪಟ್ಟಿಯಲ್ಲಿರುವ ಲಸಿಕೆಗಳನ್ನೆಲ್ಲ ಒಪ್ಪಿಕೊಂಡಿತು. 2021ರ ಈ ನಿಯಮದಲ್ಲಿ ಹದಿನೆಂಟಕ್ಕಿಂತ ಚಿಕ್ಕವರಿಗೆ ಆ ನಿಬಂಧನೆಯಿಲ್ಲ. 2021ರ ನವೆಂಬರಿನ ನಿಯಮದಂತೆ ನಿಮ್ಮ ಮಗಳಿಗೂ ನಿಮಗೂ ಹೊರಡುವ ಮುನ್ನ ಮೂರು ದಿನದೊಳಗಿನ ನೆಗೆಟಿವ್ ವರದಿ ಇದ್ದರೆ ಸಾಕು. ಈ ನಿಯಮಗಳು ಹೇಳದೆ ಕೇಳದೆ ಬದಲಾಗುತ್ತವೆ; ಟಿಕೆಟ್ ಕೈಗೆ ಬಂದ ಮೇಲೆ ಇನ್ನೊಮ್ಮೆ ನೋಡಿಕೊಳ್ಳಿ.

ಈಗ ಕೇಸುಗಳ ಮಾತು. ನಾನು ಇಲ್ಲಿನ ವಿಮಾ ಕಂಪನಿಯೊಂದರಲ್ಲಿ ಅಂಕಿಅಂಶದ ಕೆಲಸ ಮಾಡುವವಳು. ಹಾಗಾಗಿ ಈ ವಿಷಯದಲ್ಲಿ ಸ್ವಲ್ಪ ಸಿಡುಕಿ ಎಂದೇ ಮನೆಯಲ್ಲಿ ಹೆಸರಾಗಿದ್ದೇನೆ. ಟಿವಿಯಲ್ಲಿ ‘ಒಂದೇ ದಿನ ಇಷ್ಟು ಸಾವಿರ’ ಎಂದು ಬಂದ ಕೂಡಲೇ ಊರಿನಿಂದ ಫೋನು ಬರುತ್ತದೆ. ಆ ಒಂದು ದಿನದ ಸಂಖ್ಯೆಗೆ ನಾನು ಕಿವಿಗೊಡುವುದಿಲ್ಲ. 2020ರ ಡಿಸೆಂಬರಿನಲ್ಲಿ ಒಹಾಯೋದ ದಿನದ ಲೆಕ್ಕ ಒಮ್ಮೆಲೇ 25 ಸಾವಿರ ದಾಟಿತ್ತು. ಅಂದು ಕಾಯಿಲೆ ಹಾಗೆ ನೆಗೆಯಿತೆಂದಲ್ಲ. ಬಾಕಿ ಬಿದ್ದಿದ್ದ ಸಾವಿರಾರು ಆಂಟಿಜನ್ ಪರೀಕ್ಷೆಗಳ ಫಲಿತಾಂಶವನ್ನು ಒಂದೇ ದಿನ ಸೇರಿಸಿದ್ದರು. 2021ರ ಫೆಬ್ರುವರಿಯಲ್ಲಿ ಲೆಕ್ಕಕ್ಕೆ ಬಾರದೆ ಉಳಿದಿದ್ದ ಸುಮಾರು ನಾಲ್ಕು ಸಾವಿರ ಸಾವುಗಳನ್ನು ಹೀಗೆಯೇ ಹಿಂದಿನಿಂದ ಸೇರಿಸಿದರು.

ಈ 2021ರಲ್ಲಿ ರಾಜ್ಯದ ಆರೋಗ್ಯ ಇಲಾಖೆ ತನ್ನ ಜಾಲತಾಣದಲ್ಲಿ ಪ್ರತಿದಿನ ಮಧ್ಯಾಹ್ನ ಲೆಕ್ಕ ಹಾಕುತ್ತದೆ. ದಿನದ ಸಂಖ್ಯೆಯ ಪಕ್ಕದಲ್ಲೇ 21 ದಿನಗಳ ಸರಾಸರಿ ಇರುತ್ತದೆ. ನೋಡಬೇಕಾದದ್ದು ಅದನ್ನು. ರೇಖಾಚಿತ್ರವನ್ನು ನೋಡುವಾಗ ಒಂದು ಎಚ್ಚರಿಕೆ: ಬಲತುದಿಯಲ್ಲಿ ಕಂಬಗಳು ಯಾವಾಗಲೂ ಇಳಿಯುತ್ತಲೇ ಇರುತ್ತವೆ. ಏಕೆಂದರೆ ಅಲ್ಲಿ ಕೇಸುಗಳನ್ನು ವರದಿ ಬಂದ ದಿನಕ್ಕಲ್ಲ, ಕಾಯಿಲೆ ಶುರುವಾದ ದಿನಕ್ಕೆ ಬರೆದುಕೊಳ್ಳುತ್ತಾರೆ. ಇಂದು ಜ್ವರ ಬಂದವನ ಹೆಸರು ಲೆಕ್ಕಕ್ಕೆ ಸೇರಲು ವಾರವಾದರೂ ಬೇಕು. ಆ ಕೊನೆಯ ದಿನಗಳ ಮೇಲೆ ‘ಇದು ಅಪೂರ್ಣ’ ಎಂದು ಬೂದು ಪಟ್ಟಿ ಎಳೆದಿರುತ್ತಾರೆ. ಆದರೂ ನನ್ನ ಗಂಡನೂ ಸೇರಿದಂತೆ ಎಷ್ಟು ಮಂದಿ ಆ ಇಳಿಜಾರು ಕಂಡು ‘ಮುಗಿಯಿತು, ಇನ್ನು ಊರಿಗೆ ಹೋಗಿ ಬರಬಹುದು’ ಎಂದಿದ್ದಾರೋ ಲೆಕ್ಕವಿಲ್ಲ.

ಸುದ್ದಿಯಲ್ಲಿ ಊರುಗಳಿಗೆ ಹಚ್ಚುವ ಬಣ್ಣಗಳ ಬಗ್ಗೆಯೂ ಕೇಳಿದ್ದೀರಿ. ಗೊಂದಲ ಸಹಜವೇ, ಏಕೆಂದರೆ ಎರಡು ನಕ್ಷೆಗಳಿವೆ. 2020ರ ಜುಲೈನಲ್ಲಿ ಒಹಾಯೋ ತನ್ನ 88 ಕೌಂಟಿಗಳಿಗೆ (ನಮ್ಮ ಜಿಲ್ಲೆಗಳಂಥವು) ಅಪಾಯ ಏರಿದಂತೆ ಹಳದಿ, ಕಿತ್ತಳೆ, ಕೆಂಪು, ನೇರಳೆ ಎಂದು ಬಣ್ಣ ಕೊಟ್ಟಿತು. ಏಳು ಸೂಚಕಗಳನ್ನು ನೋಡಿ ಗುರುವಾರ ಗುರುವಾರ ನಕ್ಷೆ ಬದಲಿಸುತ್ತಿದ್ದರು. ಕೊಲಂಬಸ್ ಇರುವ ನಮ್ಮ ಫ್ರಾಂಕ್ಲಿನ್ ಕೌಂಟಿ 2020ರ ನವೆಂಬರ್ 19ರಂದು ರಾಜ್ಯದಲ್ಲೇ ಮೊದಲು ನೇರಳೆಗೆ ತಿರುಗಿತು. ಈ 2021ರಲ್ಲಿ ಸುದ್ದಿಯಲ್ಲಿ ಬರುವ ನೀಲಿ, ಹಳದಿ, ಕಿತ್ತಳೆ, ಕೆಂಪು ಬೇರೆ. ಅದು ಕೇಂದ್ರ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯದು. ಅದರ ಲೆಕ್ಕ ಸರಳ: ಏಳು ದಿನಗಳಲ್ಲಿ ಲಕ್ಷ ಜನಕ್ಕೆ ನೂರು ಹೊಸ ಕೇಸು ಮುಟ್ಟಿದರೆ ಕೆಂಪು. ಫ್ರಾಂಕ್ಲಿನ್‌ನಲ್ಲಿ ಸುಮಾರು 13 ಲಕ್ಷ ಜನ, ಅಂದರೆ ವಾರಕ್ಕೆ 1,300 ಕೇಸು ಬಂದರೆ ಸಾಕು. 2021ರ ಈ ನವೆಂಬರಿನಲ್ಲಿ ನಾವು ಕೆಂಪಿನಲ್ಲೇ ಇದ್ದೇವೆ, ಒಹಾಯೋ ಬಹುತೇಕ ಇಡಿಯಾಗಿ ಕೆಂಪು. ಎಲ್ಲೆಡೆ ಕೆಂಪಾದ ಮೇಲೆ ಆ ನಕ್ಷೆಯಿಂದ ಹೊಸದಾಗಿ ತಿಳಿಯುವುದೇನೂ ಇಲ್ಲ. ನಾನು ನೋಡುವುದು ಆಸ್ಪತ್ರೆ ಸೇರಿದವರ ಸಂಖ್ಯೆಯನ್ನು. ಅದನ್ನು ಯಾರೂ ಮನೆಯಲ್ಲಿ ಕುಳಿತು ಮರೆಮಾಚಲಾಗದು. ಕೇಸುಗಳ ಲೆಕ್ಕ ಹಾಗಲ್ಲ. ಅಂಗಡಿಯಿಂದ ಕಿಟ್ ತಂದು ಅಡುಗೆಮನೆಯಲ್ಲಿ ಪರೀಕ್ಷಿಸಿಕೊಂಡವನು ಯಾರಿಗೂ ಹೇಳದೆ ಹೊದ್ದು ಮಲಗಿದರೆ ಅವನು ಯಾವ ನಕ್ಷೆಯಲ್ಲೂ ಇಲ್ಲ.

ಮನೆ ಹುಡುಕುವಾಗ ಒಂದು ವಿಷಯ ತಿಳಿದಿರಲಿ: ನಮ್ಮವರು ಹೆಚ್ಚಾಗಿ ನೆಲೆಸುವ ಡಬ್ಲಿನ್ ಎಂಬ ಒಂದೇ ಊರು ಫ್ರಾಂಕ್ಲಿನ್, ಡೆಲವೇರ್, ಯೂನಿಯನ್ ಎಂಬ ಮೂರು ಕೌಂಟಿಗಳಲ್ಲಿ ಚಾಚಿಕೊಂಡಿದೆ. ಕೊಲಂಬಸ್ ನಗರದೊಳಗೆ 2021ರ ಸೆಪ್ಟೆಂಬರಿನಿಂದ ಅಂಗಡಿ, ಕಚೇರಿಗಳ ಒಳಗೆ ಮಾಸ್ಕ್ ಕಡ್ಡಾಯ. ನಗರದ ಗಡಿ ದಾಟಿದರೆ ಆ ಆದೇಶಕ್ಕೆ ಬೆಲೆಯಿಲ್ಲ. ಹೀಗಾಗಿ ಒಂದೇ ಸಂಜೆಯ ಎರಡು ಅಂಗಡಿಗಳಲ್ಲಿ ಎರಡು ಬಗೆಯ ಮುಖಗಳನ್ನು ನೋಡುತ್ತೀರಿ. ಮಾಸ್ಕ್ ಜೇಬಿನಲ್ಲಿರಲಿ; ಬಾಗಿಲಿನ ಚೀಟಿ ಓದಿ ಒಳಗೆ ಹೋಗಿ.

ಇನ್ನು ಲಾಟರಿ. ನಿಮಗೆ ಇದು ತಮಾಷೆಯಾಗಿ ಕಂಡಿದೆ. 2021ರ ಮೇ ತಿಂಗಳಲ್ಲಿ ನನಗೆ ಹೊಟ್ಟೆ ಉರಿದಿತ್ತು. ಮೇ 12ರ ಸಂಜೆ ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ರಾಜ್ಯ ಆಳುವವರು) ಮೈಕ್ ಡಿವೈನ್ ಟಿವಿಯಲ್ಲಿ ಬಂದು, ಒಂದು ಡೋಸಾದರೂ ಹಾಕಿಸಿಕೊಂಡ ವಯಸ್ಕರ ಪೈಕಿ ವಾರಕ್ಕೊಬ್ಬರಂತೆ ಐದು ಮಂದಿಗೆ ತಲಾ ಹತ್ತು ಲಕ್ಷ ಡಾಲರ್ ಎಂದು ಘೋಷಿಸಿದರು. 12ರಿಂದ 17ರ ಮಕ್ಕಳಲ್ಲಿ ಐವರಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದ ಓದು ಉಚಿತ. ಹಣ ಕೇಂದ್ರದ ಕೋವಿಡ್ ಪರಿಹಾರ ನಿಧಿಯದು. ‘ಡಿವೈನ್‌ಗೆ ತಲೆ ಕೆಟ್ಟಿದೆ ಎನ್ನುವಿರಿ’ ಎಂದು ಅವರೇ ಮೊದಲು ಹೇಳಿಕೊಂಡರು. ಅದೇ ದಿನಗಳಲ್ಲಿ ಕರ್ನಾಟಕ ಸರ್ಕಾರ ದಾಸ್ತಾನಿಲ್ಲವೆಂದು 18ರಿಂದ 44ರವರೆಗಿನವರ ಲಸಿಕೆಯನ್ನು ತಡೆಹಿಡಿದಿತ್ತು. ದಾವಣಗೆರೆಯಲ್ಲಿ ನನ್ನ ತಂಗಿ ಕೋವಿನ್ ತೆರೆದು ಕುಳಿತು ಬೆರಳು ಸವೆಸುತ್ತಿದ್ದಳು. ಹಸಿರು ಚೌಕ ಕಂಡು ಒತ್ತುವಷ್ಟರಲ್ಲಿ ‘ಭರ್ತಿಯಾಗಿದೆ’. ಇಲ್ಲಿ ಕ್ರೋಗರ್ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಕೊಂಡು ಔಷಧದ ಕಿಟಕಿಗೆ ಹೋದರೆ ಆಗಲೇ ಚುಚ್ಚುತ್ತಿದ್ದರು, ಸಾಲೇ ಇರಲಿಲ್ಲ. 2007ರಲ್ಲೇ ಲಾಟರಿಯನ್ನು ನಿಷೇಧಿಸಿದ ರಾಜ್ಯದಿಂದ ಬಂದವಳಿಗೆ ಇದನ್ನು ತಂಗಿಗೆ ಹೇಗೆ ವಿವರಿಸುವುದು ತಿಳಿಯಲಿಲ್ಲ.

ಆದರೂ ಗವರ್ನರ್ ಹಾಗೇಕೆ ಮಾಡಿದರೆಂದು ತಿಳಿಯಬೇಕು, ಇಲ್ಲದಿದ್ದರೆ ಈ ಊರು ಅರ್ಥವಾಗುವುದಿಲ್ಲ. 2021ರ ಮಾರ್ಚ್‌ನಲ್ಲಿ ರಾಜ್ಯದ ಶಾಸನಸಭೆ, ಅದೂ ಅವರದೇ ರಿಪಬ್ಲಿಕನ್ ಪಕ್ಷದ ಬಹುಮತವಿರುವ ಸಭೆ, ಆರೋಗ್ಯ ಆದೇಶಗಳನ್ನು ರದ್ದುಪಡಿಸುವ ಅಧಿಕಾರವನ್ನು ಅವರ ವೀಟೊ ಮೀರಿ ತಾನು ಪಡೆದುಕೊಂಡಿತ್ತು. ಕಾನೂನು ಜಾರಿಯಾಗುವುದು ಜೂನ್ 23ಕ್ಕೆ. ಜೂನ್ 2ರಿಂದ ಹೆಚ್ಚಿನ ನಿರ್ಬಂಧಗಳನ್ನು ಅವರೇ ತೆಗೆದರು. ಕೋಲು ಕೈಬಿಟ್ಟು ಹೋಗುತ್ತಿತ್ತು, ಉಳಿದದ್ದು ಬೆಲ್ಲ.

ಬೆಲ್ಲ ಕೆಲಸ ಮಾಡಿತೇ? ಮೊದಲ ಡ್ರಾಗೆ 27 ಲಕ್ಷಕ್ಕೂ ಹೆಚ್ಚು ವಯಸ್ಕರು ಹೆಸರು ನೋಂದಾಯಿಸಿದರು. ಆದರೆ ಅವರಲ್ಲಿ ಬಹುಪಾಲು ನನ್ನಂತೆ ಮೊದಲೇ ಹಾಕಿಸಿಕೊಂಡವರು. ನಮಗೂ ಅವಕಾಶ ಕೊಟ್ಟದ್ದು ನ್ಯಾಯವೇ, ಇಲ್ಲದಿದ್ದರೆ ತಡಮಾಡಿದವನಿಗಷ್ಟೇ ಬಹುಮಾನವಾಗುತ್ತಿತ್ತು. ಘೋಷಣೆಯ ಮರುವಾರ ಲಸಿಕೆ ಹಾಕಿಸಿಕೊಳ್ಳುವವರ ಸಂಖ್ಯೆ ಏರಿತು, ರಾಜ್ಯ ಸರ್ಕಾರ ಬೀಗಿತು. ಜುಲೈನಲ್ಲಿ ಬೋಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಉಳಿದ ದೇಶದೊಂದಿಗೆ ಹೋಲಿಸಿ, ಲಾಟರಿಯಿಂದ ಹೆಚ್ಚಾಯಿತೆನ್ನಲು ಪುರಾವೆಯಿಲ್ಲ ಎಂದರು. ಲಾಟರಿ ಘೋಷಣೆಯಾದ ವಾರವೇ, ಮೇ 10ರಂದು, 12ರಿಂದ 15ರ ಮಕ್ಕಳಿಗೆ ಫೈಜರ್ ಲಸಿಕೆಗೆ ಅನುಮತಿ ಸಿಕ್ಕಿತ್ತಲ್ಲ, ಏರಿಕೆ ದೇಶದ ತುಂಬ ಇತ್ತು. ಒಹಾಯೋದವರೇ ಆದ ಕೆಲವು ಅರ್ಥಶಾಸ್ತ್ರಜ್ಞರು ಬೇರೆ ಬಗೆಯಲ್ಲಿ ಲೆಕ್ಕ ಹಾಕಿ, ಹತ್ತಾರು ಸಾವಿರ ಮಂದಿ ಹೆಚ್ಚಾಗಿ ಬಂದರು ಎನ್ನುತ್ತಾರೆ. ಇಬ್ಬರ ಲೆಕ್ಕ ನೋಡಿಯೂ ನನಗನ್ನಿಸುವುದು ಇಷ್ಟೇ: ನಾಳೆ ಹೋದರಾಯಿತು ಎಂದುಕೊಂಡಿದ್ದವನು ಅಂದು ಹೋದ. ಒಲ್ಲೆ ಎಂದವನು ಅಂದೂ ಒಲ್ಲೆ, ಇಂದೂ ಒಲ್ಲೆ. ಹೋಮ್ಸ್ ಕೌಂಟಿಯನ್ನೇ ನೋಡಿ, ಅಮಿಷ್ ಎಂಬ ಸಂಪ್ರದಾಯಸ್ಥ ಕ್ರೈಸ್ತ ಸಮುದಾಯದವರು ಹೆಚ್ಚಾಗಿರುವ ಪ್ರದೇಶ. ಅಲ್ಲಿ 2021ರ ಈ ನವೆಂಬರಿನವರೆಗೂ ಐದರಲ್ಲಿ ಒಬ್ಬರೂ ಲಸಿಕೆ ಪಡೆದಿಲ್ಲ. ಜೂಜನ್ನೇ ಪಾಪವೆನ್ನುವವರ ಮುಂದೆ ಲಾಟರಿ ಹಿಡಿದು ಏನು ಪ್ರಯೋಜನ?

ಬೇರೆ ರಾಜ್ಯಗಳ ಕಥೆ ಇನ್ನೂ ವಿಚಿತ್ರ. ವೆಸ್ಟ್ ವರ್ಜೀನಿಯಾದಲ್ಲಿ ಬಹುಮಾನಕ್ಕೆ ಬೇಟೆ ಬಂದೂಕು, ನ್ಯೂಜೆರ್ಸಿಯಲ್ಲಿ ಒಂದು ಬಿಯರ್, ವಾಷಿಂಗ್ಟನ್ ರಾಜ್ಯದಲ್ಲಿ ಗಾಂಜಾ ಬೀಡಿ. ನ್ಯೂಯಾರ್ಕ್ ನಗರ ಕೈಗೇ ನೂರು ಡಾಲರ್ ಕೊಟ್ಟಿತು. ಲಾಟರಿಗಿಂತ ಇದು ನನಗೆ ಒಪ್ಪಿತ. ಸ್ವೀಡನ್ನಿನಲ್ಲಿ ನಡೆದ ಪ್ರಯೋಗವೊಂದು 2021ರ ಅಕ್ಟೋಬರಿನಲ್ಲಿ ಪ್ರಕಟವಾಯಿತು: 200 ಕ್ರೋನರ್, ಅಂದರೆ 24 ಡಾಲರ್ ಖಚಿತವಾಗಿ ಕೊಡುತ್ತೇವೆಂದದ್ದಕ್ಕೆ ಲಸಿಕೆ ಪಡೆದವರ ಪ್ರಮಾಣ ನೂರಕ್ಕೆ ನಾಲ್ಕರಷ್ಟು ಹೆಚ್ಚಾಯಿತು. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಎರಡನೇ ಡೋಸಿನ ಮರುದಿನ ಜ್ವರ ಬಂದರೆ ಆ ದಿನದ ಸಂಬಳ ಹೋಯಿತು. ಅವನಿಗೆ ನೂರು ಡಾಲರ್ ಆಮಿಷವಲ್ಲ, ಪರಿಹಾರ. ‘ಒಳ್ಳೆಯದೇ ಆಗಿದ್ದರೆ ದುಡ್ಡೇಕೆ ಕೊಡುತ್ತಾರೆ?’ ಎಂದು ನನ್ನೆದುರೇ ಕೇಳಿದವರಿದ್ದಾರೆ. ಸಂಬಳ ಕಡಿತವಿಲ್ಲದ ಒಂದು ದಿನದ ರಜೆಯನ್ನು ಯಾರೂ ಹಾಗೆ ಸಂಶಯಿಸಿದ್ದನ್ನು ಕಾಣೆ. ಇತ್ತ ಚಾಮರಾಜನಗರದಲ್ಲಿ ‘ಲಸಿಕೆ ಇಲ್ಲದಿದ್ದರೆ ಪಡಿತರವಿಲ್ಲ’ ಎಂಬ ಮಾತೆದ್ದು ವಿವಾದವಾದದ್ದು ನಿಮಗೆ ನೆನಪಿರಬೇಕು. ಹೊಟ್ಟೆಯ ಮೇಲೆ ಹೊಡೆಯುವುದಕ್ಕಿಂತ ಬಿಯರ್ ಕೊಡುವುದೇ ವಾಸಿ.

ನಮ್ಮ ಕಾರು ರಿಪೇರಿ ಮಾಡುವ ಹಿರಿಯರೊಬ್ಬರು ಲಾಟರಿಯನ್ನು ನೋಡಿ ನಕ್ಕವರು. ಆಗಸ್ಟ್‌ನಲ್ಲಿ ಆಯಿಲ್ ಬದಲಿಸಲು ಹೋದಾಗ ಅಂಗಿಯ ತೋಳು ಮಡಚಿ ಬ್ಯಾಂಡೇಜು ತೋರಿಸಿದರು. ಮಗಳಿಗೆ ದಿನ ತುಂಬಿದೆ, ಚುಚ್ಚಿಸಿಕೊಳ್ಳದಿದ್ದರೆ ಮಗುವನ್ನು ಕೈಗೆ ಕೊಡುವುದಿಲ್ಲ ಎಂದಳಂತೆ. ಗವರ್ನರಿಂದಾಗದ್ದು ಮಗಳಿಂದಾಯಿತು.

ಕಚೇರಿಯಲ್ಲಿ ಈ ಚರ್ಚೆಗೆ ಕೈಹಾಕಬೇಡಿ, ಕನಿಷ್ಠ ಮೊದಲ ಆರು ತಿಂಗಳು. ನೂರು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಲಸಿಕೆ ಅಥವಾ ವಾರದ ಪರೀಕ್ಷೆ ಕಡ್ಡಾಯ ಮಾಡಬೇಕೆಂದು ಕೇಂದ್ರ ಸರ್ಕಾರ 2021ರ ಈ ನವೆಂಬರಿನಲ್ಲಿ ಆದೇಶಿಸಿತು, ಕೋರ್ಟು ತಡೆ ಕೊಟ್ಟಿದೆ, ಎಲ್ಲರ ತಲೆಯೂ ಬಿಸಿಯಾಗಿದೆ. ‘ನೀವು ಹಾಕಿಸಿಕೊಂಡಿರಾ?’ ಎಂದು ನಮ್ಮಲ್ಲಿ ಊಟವಾಯಿತೇ ಎಂಬಂತೆ ಕೇಳುತ್ತೇವೆ. ಇಲ್ಲಿ ಹಾಗೆ ಕೇಳಿದರೆ ಸಂಬಳ ಎಷ್ಟೆಂದು ಕೇಳಿದ ಹಾಗೆ. ಮನೆಗೆ ಊಟಕ್ಕೆ ಕರೆಯುವಾಗ ಮಾತ್ರ ಕೇಳಿ, ಅದು ನಿಮ್ಮ ಮನೆ.

ಮಗಳ ವಿಷಯ. ಭಾರತದಲ್ಲಿ ಅವಳ ವಯಸ್ಸಿಗೆ 2021ರ ನವೆಂಬರಿನವರೆಗೆ ಲಸಿಕೆ ಬಂದಿಲ್ಲ, ಇಲ್ಲಿ 5ರಿಂದ 11ರವರಿಗೆ 2021ರ ನವೆಂಬರ್ 2ರಂದು ಸಿಡಿಸಿ ಶಿಫಾರಸು ಮಾಡಿತು. ದೊಡ್ಡವರ ಡೋಸಿನ ಮೂರನೇ ಒಂದು ಭಾಗ, ಮೂರು ವಾರ ಬಿಟ್ಟು ಇನ್ನೊಂದು. ಈ 2021ರಲ್ಲಿ ಅದಕ್ಕೆ ಹಣ ಕೊಡಬೇಕಿಲ್ಲ, ವಿಮೆ ಬೇಕಿಲ್ಲ, ವೀಸಾ ಕೇಳುವುದಿಲ್ಲ. 5ರಿಂದ 25 ವರ್ಷದವರಿಗೆಂದು ರಾಜ್ಯ 2021ರಲ್ಲೇ ಮತ್ತೊಂದು ಲಾಟರಿ ಹೂಡಿದೆ, ಹತ್ತು ಸಾವಿರ ಡಾಲರಿನ 150 ವಿದ್ಯಾರ್ಥಿವೇತನ, ಲಕ್ಷ ಡಾಲರಿನವು ಐದು. ನೀವು ಬರುವಷ್ಟರಲ್ಲಿ ಮುಗಿದಿರುತ್ತದೆ, ಆಸೆ ಇಟ್ಟುಕೊಳ್ಳಬೇಡಿ. ಶಾಲೆ ಕೋವಿಡ್ ಲಸಿಕೆ ಕೇಳುವುದಿಲ್ಲ. ಆದರೆ ಪೋಲಿಯೊ, ದಡಾರ, ಹೆಪಟೈಟಿಸ್ ಬಿ, ಇವುಗಳ ದಾಖಲೆ ಕೇಳಿಯೇ ಕೇಳುತ್ತದೆ, ಅದಕ್ಕೆ ಲಾಟರಿಯೂ ಇಲ್ಲ, ಬಿಯರೂ ಇಲ್ಲ. ಚಿಕನ್‌ಪಾಕ್ಸ್ ಎರಡು ಡೋಸ್ ಬೇಕು. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲವಾದ್ದರಿಂದ ಬಹಳ ಮಕ್ಕಳಿಗೆ ಆಗಿರುವುದಿಲ್ಲ. ಮೈಸೂರಿನಲ್ಲೇ ಮಕ್ಕಳ ವೈದ್ಯರಿಂದ ಹಾಕಿಸಿ, ತಾಯಿ ಕಾರ್ಡಿನ ಬರಹವನ್ನು ಇಂಗ್ಲಿಷಿನಲ್ಲಿ ದಿನಾಂಕ ಸಮೇತ ಬರೆಸಿ, ಸೀಲು ಒತ್ತಿಸಿ, ಕೈಚೀಲದಲ್ಲಿಟ್ಟುಕೊಂಡು ಬನ್ನಿ. ದೊಡ್ಡ ಪೆಟ್ಟಿಗೆಯಲ್ಲಿ ಹಾಕಬೇಡಿ. ಅದು ವಿಮಾನದಲ್ಲಿ ತಡವಾದರೆ ಶಾಲೆಗೆ ಸೇರಿಸುವುದೂ ತಡವಾಗುತ್ತದೆ.